ಮೂರು ಹೆಚ್ಚಿಗೆ ಬಂದವು

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವಳು ಕಬ್ಬಿಣದ ಬಾಣಲೆಯನ್ನು ಅಡುಗೆಮನೆಯ ಮೇಲಿನ ಗೂಡಿಗೆ ಹಾಕಿಸಿಬಿಟ್ಟಳು. ಏರಿಸಿದವನು ಗಂಡ. ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಭಾರದ ವಿಷಯ ಬಂದಾಗಲೆಲ್ಲ ಅವನದೊಂದು ಮಾತು ಇದ್ದೇ ಇರುತ್ತಿತ್ತು. ಸ್ಟೂಲಿನ ಮೇಲೆ ನಿಂತು, ಬಾಣಲೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, "ಇಷ್ಟು ಭಾರಕ್ಕೆ ಇಬ್ಬರು ಆಳು ಬೇಕು ಅಂತ ನಮ್ಮಲ್ಲಿ ರೂಲ್ಸೇ ಇದೆ" ಅಂದ. ಯಾರೂ ನಗಲಿಲ್ಲ. ಊಟದ ಮೇಜಿನ ಬಳಿ ಕೂತಿದ್ದ ಅಪ್ಪ, ಬಾಣಲೆ ಪೂರ್ತಿ ಒಳಗೆ ಸರಿದು ಗೂಡಿನ ಬಾಗಿಲು ಮುಚ್ಚುವವರೆಗೂ ನೋಡಿ, ಆಮೇಲೆ ಬಗ್ಗಿ ತನ್ನ ಬೂಟಿನ ಲೇಸು ಬಿಚ್ಚತೊಡಗಿದ.

ಆ ಬಾಣಲೆ ಅಂಗಡಿಯಲ್ಲಿ ಕೊಂಡದ್ದಲ್ಲ. ಅಪ್ಪ ಮೂವತ್ತನಾಲ್ಕು ವರ್ಷ ಒಂದು ಮುದ್ರಣಾಲಯದ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವನು. ಕೆಲಸದಿಂದ ನಿವೃತ್ತನಾದ ದಿನ ಅಲ್ಲಿಯವರು ಎಲ್ಲರಿಗೂ ಕೊಡುವ ಗೋಡೆ ಗಡಿಯಾರದ ಬದಲು ಅವನ ಬಾಣಲೆಯನ್ನೇ ತಿಕ್ಕಿ ತೊಳೆದು, ಹಿಡಿಗೆ ರಿಬ್ಬನ್ ಕಟ್ಟಿ ಕೊಟ್ಟಿದ್ದರು. ಹಗಲಿನ ಪಾಳಿಯವರಿಗೂ ಸಂಜೆಯ ಪಾಳಿಯವರಿಗೂ ಅವನ ಬೇಳೆ ಕಟ್ಲೆಟ್ ಬೇಕು. ಗಿಡ್ಡ ಉರುಳೆಯ ಹಾಗೆ, ಎರಡು ತುದಿ ದುಂಡಗೆ, ಶಾಯಿ ಮೆತ್ತಿದ ಬೆರಳುಗಳಿಗೆ ಕಾಗದ ಸುತ್ತಿಕೊಂಡು ಹಿಡಿದು ತಿನ್ನಲು ಅನುಕೂಲವಾಗುವ ಹಾಗೆ ಇರುತ್ತಿದ್ದವು. ಒಮ್ಮೆ ಹೊಸದಾಗಿ ಬಂದ ಮ್ಯಾನೇಜರನಿಗೆ, ಈ ಮುದುಕ ಬೇಕಾದವರಿಗೆ ದೊಡ್ಡದು ಬೇಡದವರಿಗೆ ಚಿಕ್ಕದು ಕೊಡುತ್ತಾನೆ ಎಂದು ಯಾರೋ ಕಿವಿ ಊದಿದರು. ಅವನು ತಕ್ಕಡಿ ತರಿಸಿ, ತಟ್ಟೆಗಳಿಂದಲೇ ಎತ್ತಿ ಇಪ್ಪತ್ತನ್ನು ತೂಗಿದ. ಇಪ್ಪತ್ತೂ ಒಂದೇ ತೂಕ. ಮ್ಯಾನೇಜರ್ ತಕ್ಕಡಿ ಕೆಟ್ಟಿದೆಯೆಂದು ಬೆರಳಿನಿಂದ ಕುಟ್ಟಿ ನೋಡಿದನಂತೆ. ಅಂದಿನಿಂದ ಅಪ್ಪನಿಗೆ ತಕ್ಕಡಿ ಮಾಸ್ಟರ್ ಎಂದೇ ಹೆಸರಾಯಿತು. ಈ ಕಥೆಯನ್ನು ಅವಳು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದಳೆಂದರೆ, ಕುಟ್ಟಿ ನೋಡುವ ಭಾಗ ಬಂದಾಗ ಅವಳ ಬೆರಳೂ ತಾನಾಗಿ ಮೇಜನ್ನು ಕುಟ್ಟುತ್ತಿತ್ತು.

ಈಗ ಅವಳು ದೊಡ್ಡ ಆಸ್ಪತ್ರೆಯೊಂದರ ಔಷಧಿ ಕಿಟಕಿಯಲ್ಲಿ ಕೂರುವವಳು. ಹದಿನೆಂಟು ವರ್ಷದಿಂದ ಗುಳಿಗೆ ಎಣಿಸುತ್ತ, ಚೀಟಿ ಓದುತ್ತ, ಗಾಜಿನ ಆಚೆಗಿನ ಗಾಬರಿಯ ಮುಖಗಳಿಗೆ ಅದೇ ಮಾತು ಹೇಳುತ್ತ ಬಂದಿದ್ದಳು: ಊಟಕ್ಕೆ ಮುಂಚೆ, ಊಟ ಆದ ಮೇಲೆ, ಹಾಳೆಯ ಹಿಂದಿನ ಪುಟವನ್ನೂ ಓದಿ. ಅಪ್ಪ ಎದೆ ಹಿಡಿದುಕೊಂಡು ಕುಸಿದದ್ದು ಒಲೆಯ ಮುಂದೆ, ಇದೇ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದ್ದಾಗ. ಅದಕ್ಕೂ ಹಿಂದಿನ ಒಂದು ತಿಂಗಳು ಅವನು ಮೆಟ್ಟಿಲ ತಿರುವಿನಲ್ಲಿ ನಿಂತು ಎದೆ ಉಜ್ಜಿಕೊಳ್ಳುತ್ತಿದ್ದುದನ್ನು ಅವಳು ಕಂಡಿದ್ದಳು. ಕಂಡು, ವಯಸ್ಸಾಯಿತು ಅಂದುಕೊಂಡು, ಮುಂದೆ ಹತ್ತಿ ಹೋಗಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಕೊಟ್ಟ ಪಥ್ಯದ ಹಾಳೆಯನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿದಳು. ಎಣ್ಣೆಯಲ್ಲಿ ಕರಿದದ್ದು ಬೇಡ. ಉಪ್ಪು ಇಷ್ಟೇ. ಮಧ್ಯಾಹ್ನಕ್ಕೆ ಮೂರು, ಸಂಜೆಗೆ ಮೂರು, ಓವನ್ನಿನಲ್ಲಿ ಬೇಕ್ ಮಾಡಿದ ಬೇಳೆ ತರಕಾರಿ ಕಟ್ಲೆಟ್, ಒಂದೊಂದು ನಲವತ್ತು ಗ್ರಾಂ. ಜೊತೆಗೆ ಒಂದು ಬಟ್ಟಲು ಸೂಪು, ಒಂದು ಸ್ಲೈಸ್ ಬ್ರೆಡ್. ಕಟ್ಲೆಟ್ ಎನ್ನುವ ಪದ ಅಲ್ಲಿ ಅಚ್ಚಾಗಿದ್ದುದನ್ನು ನೋಡಿ ಅವಳಿಗೆ ಅರ್ಧ ಯುದ್ಧ ಗೆದ್ದ ಹಾಗಾಯಿತು. ಅಪ್ಪನಿಗೆ ಇಷ್ಟವಾದದ್ದೇ, ಎಣ್ಣೆ ಒಂದು ಬಿಟ್ಟರಾಯಿತು. ಅದೇ ವಾರ ಗ್ರಾಂ ತೋರಿಸುವ ಚಪ್ಪಟೆ ತೂಕದ ಯಂತ್ರವೊಂದನ್ನು ಕೊಂಡು ತಂದಳು. ಅಪ್ಪನಿಗೆ ಒಂದು ಕಟ್ಟಪ್ಪಣೆಯೂ ಆಯಿತು: ಅಡುಗೆಮನೆಯ ಹೊಸಿಲು ದಾಟುವ ಹಾಗಿಲ್ಲ.

ಅಪ್ಪ ದಾಟಲಿಲ್ಲ. ಕುರ್ಚಿಯೊಂದನ್ನು ತಂದು ಹೊಸಿಲಿಗೆ ಸರಿಯಾಗಿ ತಾಗಿಸಿ ಹಾಕಿಕೊಂಡು ಕೂತ. ಅವನ ಚಪ್ಪಲಿಯ ತುದಿ ಮಾತ್ರ ಒಂದು ಅಂಗುಲ ಒಳಗಿತ್ತು.

ಮೊದಲ ಸಲ ಮಾಡಿದವು ತಟ್ಟೆಗೆ ಅಂಟಿಕೊಂಡು ಏಳಲೇ ಇಲ್ಲ. ಅವಳು ಕೆಂಪು ಬೇಳೆಯನ್ನು ಮೆತ್ತಗೆ ಬೇಯಿಸಿ, ಕ್ಯಾರೆಟ್ ಬೀನ್ಸ್ ತುರಿದು ಹಾಕಿ, ಓಟ್ಸ್ ಪುಡಿ ಕಲಸಿ, ಒಂದೊಂದನ್ನೂ ನಲವತ್ತಕ್ಕೆ ತೂಗಿ ಓವನ್ನಿಗಿಟ್ಟಿದ್ದಳು. ಅರ್ಧ ಗಂಟೆ ಬಿಟ್ಟು ತೆಗೆದರೆ ತಳ ತಟ್ಟೆಯಲ್ಲಿ, ತಲೆ ಚಮಚದಲ್ಲಿ. ಎರಡನೆಯ ಸಲ ಓಟ್ಸ್ ಹೆಚ್ಚು ಸುರಿದಳು. ಈ ಸಲ ಎದ್ದವು, ಆದರೆ ಕಚ್ಚಿದರೆ ಮರದ ಪುಡಿ ತಿಂದ ಹಾಗೆ. ಗಂಡ ಒಂದನ್ನು ಮೇಜಿನ ಮೇಲೆ ಉರುಳಿಸಿ, ಇದನ್ನು ಲಿಫ್ಟಿನ ಬ್ರೇಕಿಗೆ ಹಾಕಿದರೆ ಹತ್ತು ವರ್ಷ ಬಾಳಿಕೆ ಬರುತ್ತದೆ ಅಂದ. ಮಗಳು ಗುಬ್ಬಿ, ಹದಿನಾರು ತುಂಬಿ ತಾಯಿಗಿಂತ ಉದ್ದ ಬೆಳೆದರೂ ಮನೆಯಲ್ಲಿ ಗುಬ್ಬಿಯಾಗಿಯೇ ಉಳಿದವಳು, ತನ್ನ ಪಾಲಿನದಕ್ಕೆ ಒಂದು ಲೋಟ ನೀರು ಸಾಲದೆ ಎರಡನೆಯದಕ್ಕೆ ಎದ್ದಳು. ಅಪ್ಪ ಮಾತ್ರ ಮೂರನ್ನೂ ತಿಂದು, ತಟ್ಟೆಯಲ್ಲಿ ಉದುರಿದ್ದನ್ನೂ ಬೆರಳಿನಿಂದ ಒತ್ತಿ ತೆಗೆದ.

ಆದರೆ ಅಡುಗೆ ನಡೆಯುವಾಗ ಕುರ್ಚಿಯಿಂದ ಮಾತು ಬರುತ್ತಲೇ ಇತ್ತು. ಬೇಳೆಗೆ ನೀರು ಜಾಸ್ತಿಯಾಯಿತು. ತುರಿದ ಕ್ಯಾರೆಟ್ಟನ್ನು ಹಿಂಡಬೇಕಿತ್ತು. ಬಿಸಿ ಬಿಸಿ ಕಲಸಿದರೆ ಅದು ಮಾತು ಕೇಳುವುದಿಲ್ಲ, ಸ್ವಲ್ಪ ಮಲಗಿಸು. ಇಡೀ ದಿನ ಕಿಟಕಿಯಲ್ಲಿ ಕೂತು ಬಂದವಳಿಗೆ ಅದು ಸಲಹೆಯಾಗಿ ಕೇಳಿಸಲಿಲ್ಲ, ತಪ್ಪು ಹುಡುಕಿದ ಹಾಗೆ ಕೇಳಿಸಿತು. ಮೂರನೆಯ ವಾರ ಒಂದು ಸಂಜೆ ಕೈಯಲ್ಲಿದ್ದ ಚಮಚವನ್ನು ಬಟ್ಟಲಿಗೆ ಎಸೆದು ತಿರುಗಿದಳು.

"ಅಪ್ಪ, ಇದು ನಿನ್ನ ಕ್ಯಾಂಟೀನ್ ಅಲ್ಲ. ಹಾಳೆಯಲ್ಲಿ ಹೆಂಗಿದೆಯೋ ಹಂಗೆ ಮಾಡ್ತಿದ್ದೀನಿ."

"ಹಾಳೆ ಅಡುಗೆ ಮಾಡಲ್ಲ ಕಣೇ."

"ನಿನ್ನ ಅಡುಗೆ ಏನು ಮಾಡ್ತು ಅಂತ ಎಲ್ಲರೂ ನೋಡಿದ್ದೀವಿ."

ಅಪ್ಪ ಚಪ್ಪಲಿಯ ತುದಿಯನ್ನು ಹೊಸಿಲಿನಿಂದ ಈಚೆಗೆ ಎಳೆದುಕೊಂಡ. ಅಂದಿನ ಸೂಪಿಗೆ ಉಪ್ಪು ಹಾಕುವುದನ್ನೇ ಅವಳು ಮರೆತಿದ್ದಳು. ಯಾರೂ ಅದನ್ನು ಹೇಳಲಿಲ್ಲ.

ಗಂಡ ಸಂಧಾನಕ್ಕೆ ಬಂದ. ಅವಳ ಮುಂದೆ ನೇರ ಮಾತಾಡುವ ಧೈರ್ಯ ಅವನಿಗೆ ಸಾಮಾನ್ಯವಾಗಿ ಇಲ್ಲ. ಆದರೂ ಪಾತ್ರೆ ಒರೆಸುತ್ತ, ಮಾವನ ಕೈಗೆ ಎಣ್ಣೆ ಕೊಡಬೇಡ, ಒಲೆ ಕೊಡಬೇಡ, ಬರೀ ಹಿಟ್ಟು ಕೊಡು, ಉರುಳೆ ಕಟ್ಟಲಿ, ಅದರಿಂದ ಯಾರ ಎದೆಗೂ ಏನೂ ಆಗುವುದಿಲ್ಲ ಎಂದು ಒಪ್ಪಿಸಿದ. ತಾನು ಆ ಸಂಜೆ ಆಡಿದ ಮಾತನ್ನು ಅವಳೂ ಮರೆತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪನ ಕುರ್ಚಿಯ ಬಳಿ ಹೋಗಿ, "ಇವತ್ತು ನೀನು ಕಟ್ಟಿಕೊಡ್ತೀಯಾ?" ಅಂದಳು.

ಅಪ್ಪ ಎದ್ದು ಹೋಗಿ, ತನ್ನ ಪೆಟ್ಟಿಗೆಯಿಂದ ಹಳೆಯ ಬಿಳಿ ಏಪ್ರನ್ ತೆಗೆದು ಕಟ್ಟಿಕೊಂಡು ಬಂದ. ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದ. ಡಾಕ್ಟರು ಆಪರೇಷನ್ನಿಗೆ ಮುಂಚೆ ತೊಳೆದ ಹಾಗಿದೆ ಎಂದು ಗುಬ್ಬಿ ನಕ್ಕಳು. ಬೇಳೆಯ ಪಾತ್ರೆಯನ್ನು ನೋಡಿ ಅವನು ಮೊದಲು ಅದನ್ನು ಸಣ್ಣ ಉರಿಯ ಮೇಲಿಡಿಸಿ, ಅವಳ ಕೈಯಿಂದಲೇ ತಿರುವಿಸಿ, ನೀರಿನ ಅಂಶವೆಲ್ಲ ಆರಿ ಬೇಳೆ ಪಾತ್ರೆಯ ಅಂಚು ಬಿಟ್ಟು ಬರುವವರೆಗೆ ಕಾಯಿಸಿದ. ತುರಿದ ಕ್ಯಾರೆಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿಸಿದ. ಈರುಳ್ಳಿಯನ್ನು ಒಣ ಕಾವಲಿಯ ಮೇಲೆ ಬಾಡಿಸಿದ. ಓಟ್ಸ್ ಎರಡು ಹಿಡಿ ಸಾಕೆಂದ. ಎಲ್ಲ ಕಲಸಿದ ಮೇಲೆ ಬಟ್ಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು, ಅರ್ಧ ಗಂಟೆ ಅದರ ತಂಟೆಗೆ ಯಾರೂ ಹೋಗಬಾರದು ಅಂದ. ಆ ಅರ್ಧ ಗಂಟೆಯಲ್ಲಿ ಮ್ಯಾನೇಜರನ ಕಥೆಯನ್ನು ಮತ್ತೆ ಹೇಳಿದ. ಕುಟ್ಟಿ ನೋಡುವ ಕಡೆ ಮೂವರೂ ಮೇಜು ಕುಟ್ಟಿದರು.

ಆಮೇಲೆ ಅವನು ಕಟ್ಟತೊಡಗಿದ. ಬಲಗೈ ಬಟ್ಟಲಿಗೆ ಹೋಗಿ ಬರುತ್ತಿತ್ತು, ಎಡಗೈಯಲ್ಲಿ ಎರಡು ಸುತ್ತು, ತುದಿಗಳಿಗೆ ಒಂದೊಂದು ಒತ್ತು, ಆಯಿತು. ಕಣ್ಣು ಕಿಟಕಿಯ ಆಚೆ ಬಸ್ಸು ತಿರುಗುವ ಬೀದಿಯ ಮೇಲಿತ್ತು. ಹದಿನೈದು ಉರುಳೆಗಳು ತಟ್ಟೆಯಲ್ಲಿ ಮೂರು ಸಾಲಾಗಿ ಕೂತವು. ಯಾವುದು ಮೊದಲು ಕಟ್ಟಿದ್ದು, ಯಾವುದು ಕೊನೆಯದು ಎಂದು ಹೇಳಲು ಸಾಧ್ಯವಿರಲಿಲ್ಲ. ಗಂಡ ಶಿಳ್ಳೆ ಹೊಡೆದ.

ಅವಳು ಯಂತ್ರವನ್ನು ತಟ್ಟೆಯ ಪಕ್ಕಕ್ಕೆ ತಂದಿಟ್ಟದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಔಷಧಿ ಕಿಟಕಿಯಲ್ಲಿ ಯಾರು ಎಣಿಸಿ ಕೊಟ್ಟರೂ ಅವಳು ಇನ್ನೊಮ್ಮೆ ಎಣಿಸುತ್ತಿದ್ದಳು, ಕೈ ಅಭ್ಯಾಸ. ಮೊದಲನೆಯದನ್ನು ಇಟ್ಟಳು. ನಲವತ್ತೆಂಟು. ಎರಡನೆಯದು ನಲವತ್ತೆಂಟು. ಏಳನೆಯದು, ಹದಿನೈದನೆಯದು, ಎಲ್ಲ ನಲವತ್ತೆಂಟು. ಗುಬ್ಬಿ ಯಂತ್ರವನ್ನು ಬೆರಳಿನಿಂದ ಕುಟ್ಟಿ ನೋಡಿದಳು. ಅಪ್ಪ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅವನ ಮುಖ ಎಷ್ಟೋ ತಿಂಗಳ ಮೇಲೆ ಅರಳಿತ್ತು.

"ಎಂಟು ಗ್ರಾಂ ಹೆಚ್ಚಾಯ್ತಲ್ಲ ಅಪ್ಪ," ಅಂದಳು ಅವಳು.

"ಅದು ಬೆಂದ ಮೇಲೆ..."

"ಅಪ್ಪ, ನಲವತ್ತು ಅಂದ್ರೆ ನಲವತ್ತು. ಇದರಲ್ಲಿ ಅಂದಾಜು ಬೇಡ."

ಅವಳು ಒಂದೊಂದನ್ನೇ ಯಂತ್ರದ ಮೇಲಿಟ್ಟು, ಒಂದು ತುದಿಯಿಂದ ಎರಡು ಬೆರಳಲ್ಲಿ ಕಿತ್ತು, ಅಂಕಿ ನಲವತ್ತಕ್ಕೆ ಇಳಿದದ್ದನ್ನು ನೋಡಿ, ತುದಿಯನ್ನು ಮತ್ತೆ ದುಂಡಗೆ ಮಾಡಿ ತಟ್ಟೆಗಿಟ್ಟಳು. ಹದಿನೈದನ್ನೂ ಹಾಗೆಯೇ ಮಾಡಿದಳು. ಕಿತ್ತದ್ದನ್ನೆಲ್ಲ ಸೇರಿಸಿ ಕಟ್ಟಿದರೆ ಇನ್ನೂ ಮೂರಾದವು. ಆ ಮೂರನ್ನು ಸಾಲಿನ ಕೊನೆಗಿಟ್ಟು, ತಾನು ಬೆಳಿಗ್ಗೆಯಿಂದ ಕಾಯುತ್ತಿದ್ದ ಒಳ್ಳೆಯ ಮಾತು ಇದೇ ಎಂಬಂತೆ ನಗುತ್ತ, "ನೋಡಪ್ಪ, ಮೂರು ಹೆಚ್ಚಿಗೆ ಬಂದವು" ಅಂದಳು.

ಅಪ್ಪ ತಟ್ಟೆಯನ್ನು ನೋಡಿದ. "ಹೌದು, ಬಂದವು" ಅಂದ. ಏಪ್ರನ್ನಿನ ದಾರ ಬಿಚ್ಚಿ, ಅದನ್ನು ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಬೆನ್ನಿಗೆ ಹಾಕಿದ.

ಅಂದಿನ ಕಟ್ಲೆಟ್ಟುಗಳು ಚೆನ್ನಾಗಿ ಆಗಿದ್ದವು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಗಂಡ ನಾಲ್ಕು ತಿಂದ. ಅವಳು ಅಪ್ಪನನ್ನು ಎರಡು ಸಲ ಹೊಗಳಿದಳು.

ಮರುದಿನ ಅವಳು ಕೆಲಸದಿಂದ ಬಂದಾಗ ಹೊಸಿಲಿನ ಬಳಿ ಕುರ್ಚಿ ಇರಲಿಲ್ಲ. ಬಾಲ್ಕನಿಗೆ ಹೋಗಿತ್ತು. ಬಿಸಿಲಿಗೆ ಕೂತಿದ್ದೇನೆ ಅಂದ ಅಪ್ಪ. ಆರು ಗಂಟೆಗೆ ಬಾಲ್ಕನಿಯಲ್ಲಿ ಬಿಸಿಲೇ ಇರುತ್ತಿರಲಿಲ್ಲ. ಮುಂದಿನ ಭಾನುವಾರ ಕಟ್ಟಿಕೊಡಲು ಕರೆದರೆ, "ನಿನ್ನ ಕೈಗೇ ರೂಢಿಯಾಗಿದೆ, ನೀನೇ ಮಾಡು" ಅಂದ. ಸಿಟ್ಟಿನ ದನಿಯಲ್ಲ. ಬಸ್ಸಿನಲ್ಲಿ ಬೇರೆಯವರಿಗೆ ಸೀಟು ಬಿಟ್ಟುಕೊಡುವಾಗ ಹೇಳುವ ದನಿ.

ಅವಳು ಮಾಡಿದಳು. ಅವನು ಹೇಳಿಕೊಟ್ಟಂತೆ ಬೇಳೆ ಆರಿಸಿದಳು, ಕ್ಯಾರೆಟ್ ಹಿಂಡಿದಳು, ಅರ್ಧ ಗಂಟೆ ಮಲಗಿಸಿದಳು. ಈಗ ಒಂದೂ ಒಡೆಯುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಮಾತೂ ಬರುತ್ತಿರಲಿಲ್ಲ. ಮೊದಲ ಕೆಲವು ದಿನ ಅದು ಅವಳಿಗೆ ಹಾಯೆನಿಸಿತು. ಆಮೇಲೆ ಒಂದು ಸಂಜೆ, ಬೇಕೆಂದೇ ಬೇಳೆಗೆ ನೀರು ಸ್ವಲ್ಪ ಜಾಸ್ತಿ ಸುರಿದು, ಕಿವಿಗೊಟ್ಟು ನಿಂತಳು. ಬಾಲ್ಕನಿಯ ಕುರ್ಚಿ ಒಮ್ಮೆ ಕಿರ್ರೆಂದಿತು, ಅಷ್ಟೇ.

ಊಟದ ಮೇಜಿನಲ್ಲಿ ಅವನು ಯಾವುದಕ್ಕೂ ತಕರಾರು ತೆಗೆಯುತ್ತಿರಲಿಲ್ಲ. ಹೇಗಿದೆ ಎಂದರೆ ಚೆನ್ನಾಗಿದೆ. ಇನ್ನೊಂದು ಬೇಕೇ ಎಂದರೆ ಹಾಳೆಯಲ್ಲಿ ಮೂರಲ್ಲವೇ. ಗುಬ್ಬಿ ತಕ್ಕಡಿ ಕಥೆ ಹೇಳು ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಅದೇನು ದೊಡ್ಡ ಕಥೆ ಎಂದು ಸೂಪು ಕಲಕಿದ. ಗಂಡ ಅವನ ಬೆಲ್ಟಿನಲ್ಲಿ ಹೊಸ ತೂತು ಕೊರೆದುಕೊಟ್ಟ, ಒಂದು ತಿಂಗಳಲ್ಲಿ ಎರಡನೆಯದನ್ನು. ಅವಳು ಅದನ್ನು ಕಂಡು ಸಂತೋಷಪಟ್ಟಳು. ಹಾಳೆಯಲ್ಲಿ ತೂಕ ಸ್ವಲ್ಪ ಇಳಿಯಬೇಕು ಎಂದೂ ಇತ್ತು.

ಎರಡು ತಿಂಗಳ ತಪಾಸಣೆಗೆ ಅವಳು ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋದಳು. ರಕ್ತದ ವರದಿ ಚೆನ್ನಾಗಿತ್ತು. ಡಾಕ್ಟರು ಅವಳ ಬೆನ್ನು ತಟ್ಟಿದರು. ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಹೆಂಗಸು ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು, ಇಳಿಸಿದಳು, ಮತ್ತೆ ನಿಲ್ಲಿಸಿದಳು. ಎರಡು ಕೆಜಿ ಇಳಿಯಬೇಕಿದ್ದ ಕಡೆ ಆರು ಇಳಿದಿತ್ತು. ಏನೇನು ಕೊಡುತ್ತೀರಿ ಎಂದಳು. ಇವಳು ಒಂದೂ ಬಿಡದೆ ಒಪ್ಪಿಸಿದಳು, ಪ್ರತಿ ಕಟ್ಲೆಟ್ಟನ್ನೂ ಓವನ್ನಿಗಿಡುವ ಮುಂಚೆ ನಲವತ್ತು ಗ್ರಾಮಿಗೆ ಸರಿಯಾಗಿ ತೂಗುತ್ತೇನೆ ಎನ್ನುವುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

"ಓವನ್ನಿಗಿಡೋ ಮುಂಚೆನಾ?" ಎಂದು ಪಥ್ಯದವಳು ತನ್ನ ಮೇಜಿನ ಮೇಲಿದ್ದ ಅದೇ ಹಾಳೆಯನ್ನು ಎತ್ತಿ, ಹಿಂದಕ್ಕೆ ತಿರುಗಿಸಿ, ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ತೂಕಗಳೆಲ್ಲ ಬೇಯಿಸಿದ ಮೇಲಿನವು ಎಂದಿತ್ತು. "ಓವನ್ನಿನಲ್ಲಿ ನೀರು ಆರುತ್ತಲ್ಲ. ನಲವತ್ತು ಇಟ್ರೆ ಮೂವತ್ತಮೂರು ಬರುತ್ತೆ. ನಲವತ್ತೇಳು, ನಲವತ್ತೆಂಟು ಇಡಬೇಕು."

ಅವಳು ಅಪ್ಪನ ಕಡೆ ನೋಡಲಿಲ್ಲ. ಅವನು ಬಗ್ಗಿ ಬೂಟು ಹಾಕಿಕೊಳ್ಳುತ್ತಿದ್ದ.

"ಆದರೆ ಅಷ್ಟಕ್ಕೇ ಆರು ಕೆಜಿ ಇಳಿಯಲ್ಲ," ಪಥ್ಯದವಳು ಬರೆಯುತ್ತ ಹೇಳಿದಳು. "ಊಟ ಮಾಡಬೇಕು ಅಂತ ಆಸೆ ಆಗುತ್ತಾ ಯಜಮಾನರೇ?"

"ಎಲ್ಲಾ ತಿಂತೀನಿ," ಅಂದ ಅಪ್ಪ.

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ಮೂರು ನಿಲ್ದಾಣ ಕಳೆದವು. ಮುದ್ರಣಾಲಯದ ಉದ್ದ ಗೋಡೆ ಬಂತು, ಹೋಯಿತು. ಅಪ್ಪ ಅದನ್ನು ನೋಡಲು ತಿರುಗಲಿಲ್ಲ. ಅವಳು ಕೈಚೀಲದ ಜಿಪ್ಪನ್ನು ಎಳೆದು, ಹಾಕಿ, ಎಳೆದು, ಕೊನೆಗೆ ಕೇಳಿದಳು.

"ನಿನಗೆ ಗೊತ್ತಿತ್ತಾ?"

"ಏನು?"

"ಬೆಂದ ಮೇಲೆ ಇಳಿಯುತ್ತೆ ಅಂತ."

ಅಪ್ಪ ಸ್ವಲ್ಪ ನಕ್ಕ. "ಮೂವತ್ತನಾಲ್ಕು ವರ್ಷ ಇನ್ನೇನು ಮಾಡ್ದೆ ನಾನು?"

"ಮತ್ತೆ ಯಾಕಪ್ಪ ಹೇಳಲಿಲ್ಲ?"

ಅವನು ಯೋಚಿಸಿದ. ಸುಳ್ಳು ಹುಡುಕುವವನ ಯೋಚನೆಯಲ್ಲ. ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದ.

"ಹೇಳೋಕೆ ಬಾಯಿ ತೆಗ್ದೆ," ಅಂದ. "ಆಮೇಲೆ ಮೂರು ಹೆಚ್ಚಿಗೆ ಬಂದವು ಅಂತ ನೀನು ನಗ್ತಾ ಇದ್ದೆ. ನೀನು ನಕ್ಕು ಎಷ್ಟು ದಿನ ಆಗಿತ್ತು. ಇರ್ಲಿ ಬಿಡು ಅಂದ್ಕೊಂಡೆ."

ಅವಳು ಏನೋ ಹೇಳಬೇಕಿತ್ತು. ಮೆಟ್ಟಿಲ ತಿರುವಿನಲ್ಲಿ ಅವನು ಎದೆ ಉಜ್ಜಿಕೊಂಡು ನಿಂತಿದ್ದು, ತಾನು ದಾಟಿ ಹೋದದ್ದು, ಅಂದಿನಿಂದ ತನಗೆ ಅಂಕಿಗಳನ್ನು ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆ ಉಳಿಯದೆ ಹೋದದ್ದು. ಬಾಯಿಗೆ ಬಂದದ್ದು ಮಾತ್ರ, "ತಪ್ಪಾಯ್ತು ಅಪ್ಪ, ಹಿಂದಿನ ಪುಟ ನೋಡಲಿಲ್ಲ" ಎಂಬುದು. ಅಪ್ಪ ಅವಳ ಮೊಣಕಾಲನ್ನು ಎರಡು ಸಲ ತಟ್ಟಿ, ಇಳಿಯುವ ಜಾಗ ಬಂತು, ಏಳು ಅಂದ.

ಮನೆಗೆ ಬಂದವಳೇ ಫ್ರಿಜ್ಜಿನಿಂದ ಹಾಳೆ ಕೀಳಲು ಹೋದಳು. ನಾಲ್ಕೂ ಅಂಚಿಗೆ ಟೇಪು ಹಾಕಿದ್ದರಿಂದ ಅದು ಸುಲಭಕ್ಕೆ ಬರಲಿಲ್ಲ, ಒಂದು ಮೂಲೆ ಹರಿದು ಬಾಗಿಲಿನಲ್ಲೇ ಉಳಿಯಿತು. ಅವಳು ಹಿಂದಿನ ಪುಟವನ್ನು ನಿಂತುಕೊಂಡೇ ಪೂರ್ತಿ ಓದುತ್ತಿರುವಾಗ ಗುಬ್ಬಿ ಬಂದು ಏನಾಯಿತೆಂದು ವಿಚಾರಿಸಿದಳು. ಆರು ಕೆಜಿ ಎಂದು ಕೇಳಿದ್ದೇ ಗುಬ್ಬಿಯ ಮುಖ ಸಣ್ಣದಾಯಿತು.

"ಅಮ್ಮಾ, ಬೈಬೇಡ. ಮಧ್ಯಾಹ್ನದ ಡಬ್ಬಿ ತಾತ ನನಗೇ ಇಟ್ಟಿರ್ತಾನೆ. ಸ್ಕೂಲಿಂದ ಬಂದು ನಾನು ತಿಂತೀನಿ."

"ಎಲ್ಲಾನಾ?"

"ಒಂದೊಂದು ದಿನ ಒಂದು ತಿಂದಿರ್ತಾನೆ. ಹಸಿವಿಲ್ಲ ಅಂತಾನೆ. ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೊಂತೀಯ ಅಂದ."

"ಯಾವಾಗಿಂದ?"

ಗುಬ್ಬಿ ಲೆಕ್ಕ ಹಾಕಿದಳು. "ಅದೇ, ತಾತ ಏಪ್ರನ್ ಹಾಕ್ಕೊಂಡಿದ್ದನಲ್ಲ. ಅದಾದ ಮೇಲೆ."

ಆ ಭಾನುವಾರ ಅವಳು ಎಲ್ಲವನ್ನೂ ತಾನೇ ಸಿದ್ಧ ಮಾಡಿದಳು. ಬೇಳೆ ಪಾತ್ರೆಯ ಅಂಚು ಬಿಟ್ಟು ಬಂತು. ಹಿಟ್ಟು ಅರ್ಧ ಗಂಟೆ ತಣ್ಣಗೆ ಮಲಗಿ ಎದ್ದಿತು. ತೂಕದ ಯಂತ್ರವನ್ನು ಚಮಚಗಳ ಡ್ರಾಯರಿನ ತಳಕ್ಕೆ ಹಾಕಿ, ಮೇಲೆ ಒರೆಸುವ ಬಟ್ಟೆ ಮುಚ್ಚಿದಳು. ಆಮೇಲೆ ಬಾಲ್ಕನಿಗೆ ಹೋಗಿ ಅಪ್ಪನನ್ನು ಕರೆದಳು. ಎರಡನೆಯ ಸಲ ಕರೆದಾಗ ಬಂದ.

ಏಪ್ರನ್ ಗುಬ್ಬಿ ಕಟ್ಟಿದಳು. ಮೊದಲು ಬೆನ್ನ ಹಿಂದೆ ಗಂಟಿಗಷ್ಟೇ ಸಾಲುತ್ತಿದ್ದ ದಾರ ಈಗ ಮುಂದಕ್ಕೆ ಸುತ್ತಿ ಬಂದು ಹೊಟ್ಟೆಯ ಮೇಲೆ ಗಂಟಾಯಿತು. ಅಪ್ಪ ಮೊಣಕೈವರೆಗೆ ಕೈ ತೊಳೆದು ಮೇಜಿನ ಮುಂದೆ ನಿಂತ. ಒಂದು ಹಿಡಿ ತೆಗೆದು, ಎಡಗೈಯಲ್ಲಿ ಎರಡು ಸುತ್ತು ಉರುಳಿಸಿ, ತುದಿ ಒತ್ತಿದ. ಅವಳ ಎದೆ ಹಗುರಾಯಿತು. ಆದರೆ ಅವನು ಅದನ್ನು ತಟ್ಟೆಗೆ ಇಡಲಿಲ್ಲ. ಅಂಗೈಯಲ್ಲೇ ಹಿಡಿದುಕೊಂಡು ಮೇಜಿನ ಮೇಲೆ ಆಚೀಚೆ ನೋಡಿದ.

"ಅದೆಲ್ಲಿ?"

"ಯಾವುದಪ್ಪ?"

"ತೂಗೋದು."

"ಬೇಡ. ನಿನ್ನ ಕೈ ಅಳತೆಗೇ ಮಾಡು."

"ತೆಗಿ, ತೆಗಿ. ಹೆಚ್ಚುಕಮ್ಮಿ ಆದೀತು."

ಅವಳು ಕದಲಲಿಲ್ಲ. ಅವನು ಉರುಳೆಯನ್ನು ಹಾಗೆಯೇ ಹಿಡಿದು ಕಾದ. ಕೊನೆಗೆ ಗುಬ್ಬಿಯೇ ಡ್ರಾಯರು ಎಳೆದು, ಬಟ್ಟೆ ಸರಿಸಿ, ಯಂತ್ರವನ್ನು ತಂದು ಅವನ ಮುಂದಿಟ್ಟಳು. ಅವನು ಉರುಳೆಯನ್ನು ಅದರ ನಡುಮಧ್ಯಕ್ಕೆ ಇಟ್ಟು, ಅಂಕಿ ನಿಲ್ಲುವುದನ್ನು ನೋಡಿದ. ನಲವತ್ತೆಂಟು.

"ತಾತ, ಕರೆಕ್ಟಾಗಿ ಬಂತು," ಅಂದಳು ಗುಬ್ಬಿ.

ಅಪ್ಪ ತಲೆಯಾಡಿಸಿದ. ಆಮೇಲೆ ಎರಡು ಬೆರಳಿನಿಂದ ತುದಿಯನ್ನು ಕಿತ್ತ, ಅವಳು ಅಂದು ಕಿತ್ತಿದ್ದ ಹಾಗೆಯೇ.

"ಅಪ್ಪ, ನಲವತ್ತೆಂಟೇ ಸರಿ. ತಪ್ಪು ನಂದು ಅಂತ ಹೇಳಿದೆನಲ್ಲ."

"ಹೌದಲ್ವಾ," ಎಂದು ಅವನು ಕಿತ್ತದ್ದನ್ನು ಮತ್ತೆ ಅಂಟಿಸಿದ. ಈ ಸಲ ನಲವತ್ತೊಂಬತ್ತಾಯಿತು. ಒಂದು ಚೂರು ತೆಗೆದ. ನಲವತ್ತೇಳು. ಚೂರು ಸೇರಿಸಿದ. ಓವನ್ ಕಾದು ಸಿದ್ಧವಾಗಿದೆ ಎಂದು ಗಂಟೆ ಹೊಡೆಯಿತು. ಅವನು ಎರಡನೆಯದನ್ನು ಕಟ್ಟುತ್ತಿದ್ದ. ಕಿಟಕಿಯ ಆಚೆ ಬಸ್ಸುಗಳು ತಿರುಗಿದವು, ಅವನ ಕಣ್ಣು ಅಂಕಿಗಳನ್ನು ಬಿಟ್ಟು ಕದಲಲಿಲ್ಲ. ಪ್ರತಿಯೊಂದನ್ನೂ ತಟ್ಟೆಗೆ ಇಡುವ ಮುಂಚೆ ಅವಳ ಕಡೆ ತಿರುಗಿಸಿ, "ಇದು ಸರೀನಾ ನೋಡು" ಅಂದ. ಪ್ರತಿ ಸಲವೂ ಅವಳು ಸರಿ ಇದೆ ಅಂದಳು. ಆರನೆಯದು ಬಂದಾಗ, ಓವನ್ನಿನ ಕಾವು ತಗ್ಗಿಸುವ ನೆಪದಲ್ಲಿ ಅವಳು ಬೆನ್ನು ತಿರುಗಿಸಿ ನಿಂತಳು.

ಬೆನ್ನ ಹಿಂದೆ ಗುಬ್ಬಿ ಪಿಸುದನಿಯಲ್ಲಿ ಕೇಳುತ್ತಿದ್ದಳು, ಸರಿಯಾಗಿ ಬಂದಿದೆಯಲ್ಲ ತಾತ, ಮತ್ತೆ ಯಾಕೆ ಕೀಳ್ತಿದ್ದೀಯ ಎಂದು. ಇರ್ಲಿ, ಸುಮ್ನಿರು ಅನ್ನುತ್ತಿದ್ದ ಅಪ್ಪ.

ಹದಿನೈದು ಮುಗಿಯಲು ಒಂದು ಗಂಟೆಯೇ ಹಿಡಿಯಿತು. ಕ್ಯಾಂಟೀನಿನಲ್ಲಿ ಅಷ್ಟೇ ಹೊತ್ತಿನಲ್ಲಿ ಮುನ್ನೂರು ಕಟ್ಟುತ್ತಿದ್ದವನು ಅವನು. ಅವಳು ತಟ್ಟೆ ತೆಗೆದುಕೊಳ್ಳಲು ತಿರುಗಿದಾಗ ಅಪ್ಪ ಪಕ್ಕದ ಚಿಕ್ಕ ಬಟ್ಟಲಿನಿಂದ ಚೂರುಗಳನ್ನೆಲ್ಲ ಬಳಿದು ತೆಗೆದು, ಅಂಗೈಯಲ್ಲಿ ಉರುಳಿಸಿ, ಸಾಲಿನ ಕೊನೆಗೆ ಇಡುತ್ತಿದ್ದ. ಇಟ್ಟು, ಕೈ ಒರೆಸಿಕೊಂಡು, ಅವಳ ಮುಖವನ್ನೇ ನೋಡಿದ.

"ನೋಡು, ಒಂದು ಹೆಚ್ಚಿಗೆ ಬಂತು," ಅಂದ.

ಅವನು ಏನನ್ನು ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ನಕ್ಕಳು.